ಕಚ್ಚದ ನಾಯಿ

ಹಿಟ್ಟಿನ ಗಿರಣಿ ಇದ್ದಲ್ಲಿ ನಾಯಿ ಇದ್ದೇ ಇರುತ್ತದೆ. ನೆಲಕ್ಕೆ ಚೆಲ್ಲಿದ ಹಿಟ್ಟು ನೆಕ್ಕಲು ಒಂದು ಬರುತ್ತದೆ, ಅದರ ಬೆನ್ನಿಗೆ ಇನ್ನೆರಡು. ಡಬ್ಬ ಹೊತ್ತು ಸಾಲಿನಲ್ಲಿ ನಿಂತವರು ಕಾಲೆತ್ತಿ ಹೆದರಿಸುತ್ತಾರೆ. ಅವು ಬಾಲ ಮುದುರಿಕೊಂಡು ಚರಂಡಿಯಾಚೆ ಹೋಗಿ ಕೂರುತ್ತವೆ. ಜನ ಮಾತಿಗಿಳಿದರೆ ಮತ್ತೆ ಬರುತ್ತವೆ. ನಿಮ್ಮ ಬೀದಿಯ ಗಿರಣಿಯ ಮುಂದೆಯೂ ಇದೇ ಕಥೆ ಇದ್ದೀತು.

ಈ ಗಿರಣಿ ಗಂಡ ಹೆಂಡತಿ ಇಬ್ಬರು ನಡೆಸುತ್ತಿದ್ದದ್ದು. ಅವಳನ್ನು ಎಲ್ಲರೂ ಗಿರಣಿಯಕ್ಕ ಅನ್ನುತ್ತಿದ್ದರು, ಅವನನ್ನು ಗಿರಣಿಯಣ್ಣ. ನಾಯಿಗಳ ಕಾಟಕ್ಕೆ ಗಿರಣಿಯಕ್ಕ ಬಾಗಿಲ ಸಂದಿಯಲ್ಲಿ ಒಂದು ಕೋಲು ಇಟ್ಟುಕೊಂಡಿದ್ದಳು. ಅವನು ಆ ಕೋಲನ್ನು ಒಂದು ದಿನವೂ ಮುಟ್ಟಿದವನಲ್ಲ. ಬೆಣ್ಣೆಯಂಥ ಮನಸ್ಸು.

ಒಂದು ಬೆಳಿಗ್ಗೆ ಎಲ್ಲಿಂದಲೋ ಅಲೆಯುತ್ತ ಒಂದು ಕರಿ ನಾಯಿ ಬಂತು. ಪಕ್ಕೆಲುಬು ಎಣಿಸಬಹುದಿತ್ತು. ಗಿರಣಿಯಕ್ಕ ಕೋಲೆತ್ತಿದಳು. ಬೇರೆ ನಾಯಿಗಳಂತೆ ಅದು ಓಡಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿಕೊಂಡಿತು.

"ಹೊಡೀಬೇಡ," ಅಂದ ಗಂಡ. "ಅದು ಆಗಲೇ ಬೇಕಾದಷ್ಟು ಏಟು ತಿಂದು ಬಂದಿದೆ."

"ಒಂದಕ್ಕೆ ಜಾಗ ಕೊಟ್ರೆ ನಾಳೆ ನೆಂಟರನ್ನೆಲ್ಲ ಕರ್ಕೊಂಡು ಬರುತ್ತೆ."

"ಬರಲಿ ಬಿಡು. ನಿನ್ನ ಕಡೆಯವರು ಬಂದಾಗ ನಾನೇನಾದ್ರೂ ಅಂದಿದ್ದೀನಾ?"

ಸಾಲಿನಲ್ಲಿದ್ದವರು ನಕ್ಕರು. ಗಿರಣಿಯಕ್ಕನೂ ನಕ್ಕಳು. ನಕ್ಕ ಮೇಲೆ ಹೊಡೆಯಲು ಆಗುವುದಿಲ್ಲ. ಕೋಲು ಸಂದಿಗೆ ಹೋಯಿತು, ನಾಯಿ ಒಳಗೆ ಬಂತು.

ಅದು ಮೋಟರಿನ ಪಕ್ಕ ಹಳೆಯ ಗೋಣಿಯ ಮೇಲೆ ಮಲಗುತ್ತಿತ್ತು. ಬೆಳಿಗ್ಗೆ ಕರ್ರಗೆ ಎದ್ದದ್ದು ಮಧ್ಯಾಹ್ನದ ಹೊತ್ತಿಗೆ ಹಿಟ್ಟಿನ ದೂಳು ಕೂತು ಬೆಳ್ಳಗಾಗಿರುತ್ತಿತ್ತು. ಅದಕ್ಕೇ ಹಿಟ್ಟಪ್ಪ ಅಂತ ಹೆಸರು ಬಿತ್ತು. "ಹಿಟ್ಟಪ್ಪನ್ನ ಎರಡು ಸಲ ಕೊಡವಿದ್ರೆ ನಮ್ಮನೆ ಒಂದು ಹೊತ್ತು ಕಳೆಯುತ್ತೆ" ಅನ್ನುತ್ತಿದ್ದ ಎದುರಿನ ಟೈಲರ್. ಗಿರಣಿಯಕ್ಕನ ಅತ್ತೆಗೆ ಮಾತ್ರ ಸ್ವಲ್ಪ ಹೊಟ್ಟೆಯುರಿ. "ನನ್ನ ಮಗ ನನಗಿಂತ ಮೊದಲು ನಾಯಿಗೆ ಬಡಿಸ್ತಾನೆ. ಇರಲಿ, ಅದು ನನ್ನ ಹಾಗೆ ಉಪ್ಪು ಕಮ್ಮಿ ಅನ್ನಲ್ಲವಲ್ಲ" ಅನ್ನುತ್ತಿದ್ದರು.

ಗಿರಣಿಯ ಕೆಲಸದಲ್ಲಿ ಕಲ್ಲು ಕುಟ್ಟುವುದು ಅಂತ ಒಂದಿದೆ. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಹಿಟ್ಟು ಬಿಸಿಯಾಗುತ್ತದೆ, ತರಿ ಉಳಿಯುತ್ತದೆ. ಆಗ ಮೇಲಿನ ಕಲ್ಲನ್ನು ಎತ್ತಿ ಮಗುಚಿ, ಉಳಿ ಸುತ್ತಿಗೆ ಹಿಡಿದು ಮೈಯೆಲ್ಲ ಹೊಸದಾಗಿ ಗೀರು ಹಾಕಬೇಕು. ಗಿರಣಿಯಣ್ಣ ವಾರ ಹತ್ತು ದಿನಕ್ಕೊಮ್ಮೆ ಈ ಕೆಲಸಕ್ಕೆ ಕೂರುತ್ತಿದ್ದ. ಚೂರುಗಳು ಸಿಡಿದು ಕೈಗೆ, ಮುಂಗೈಗೆ ಚುಚ್ಚಿಕೊಳ್ಳುತ್ತಿದ್ದವು. ಅವನು ಹುಬ್ಬು ಸಹ ಅಲ್ಲಾಡಿಸುತ್ತಿರಲಿಲ್ಲ. ಚೂರು ಕಿತ್ತೆಸೆದು, ರಕ್ತ ಬಂದಲ್ಲಿ ಒಂದು ಚಿಟಿಕೆ ಹಿಟ್ಟು ಒತ್ತಿ ಮತ್ತೆ ಸುತ್ತಿಗೆ ಎತ್ತುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಗಿರಣಿಯವನ ಗಾಯಕ್ಕೆ ಗಿರಣಿಯದೇ ಮದ್ದು.

ಇಂಥ ಗಟ್ಟಿಗನಿಗೆ ಸೂಜಿಯೆಂದರೆ ಜೀವ ಹೋಗುತ್ತಿತ್ತು. ಇದು ಹೆಂಡತಿಗೆ ಮಾತ್ರ ಗೊತ್ತಿದ್ದ ಗುಟ್ಟು. ಮದುವೆಯಾದ ಹೊಸದರಲ್ಲಿ ಕಾಲಿಗೆ ಮೊಳೆ ಚುಚ್ಚಿದಾಗ ಆಸ್ಪತ್ರೆಯನ್ನು ಮೂರು ಸುತ್ತು ಹಾಕಿ, "ರಜಾ ಅಂತೆ" ಅಂತ ವಾಪಸು ಬಂದಿದ್ದ. ಅವಳು ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಹಿಟ್ಟಪ್ಪ ಬಂದು ತಿಂಗಳಾಗಿರಬಹುದು. ಆಸ್ಪತ್ರೆಯ ನರ್ಸಕ್ಕ ಗೋಧಿ ಬೀಸಿಸಲು ಬಂದವಳು ನಾಯಿಯನ್ನು ನೋಡಿದಳು.

"ಗುರುವಾರ ಶಾಲೆ ಮೈದಾನದಲ್ಲಿ ನಾಯಿಗಳಿಗೆ ಲಸಿಕೆ ಹಾಕ್ತಾರೆ, ಹುಚ್ಚುನಾಯಿ ರೋಗ ಬರದ ಹಾಗೆ. ಪುಕ್ಕಟೆ. ಇದನ್ನ ಕರ್ಕೊಂಡು ಬನ್ನಿ ಗಿರಣಿಯಣ್ಣ."

"ಇದು ಬೀದಿ ನಾಯಿ ನರ್ಸಕ್ಕ. ನಾನೇನು ಸಾಕಿಲ್ಲ. ಅದೇ ಬಂದು ಮಲಗುತ್ತೆ."

"ಹೆಸರಿಟ್ಟಿದ್ದೀರಿ, ಊಟ ಹಾಕ್ತೀರಿ, ಹಾಸಿಗೆ ಹಾಸಿದ್ದೀರಿ. ಇನ್ನು ಯಾರದು, ಟೈಲರ್‌ದಾ?"

"ನನ್ನ ತಲೆಗೆ ಕಟ್ಟಬೇಡಿ" ಅಂದ ಟೈಲರ್, ಬಾಯಲ್ಲಿ ದಾರ ಕಚ್ಚಿಕೊಂಡೇ.

"ಇದು ಯಾರನ್ನೂ ಕಚ್ಚೋ ಪೈಕಿ ಅಲ್ಲ ಬಿಡಿ. ಬಾಯಲ್ಲಿ ಕೈ ಇಟ್ರೂ ಸುಮ್ಮನಿರುತ್ತೆ" ಅಂದ ಗಿರಣಿಯಣ್ಣ.

"ಇದು ಕಚ್ಚಲ್ಲ ಅಂತಿಟ್ಕೊಳ್ಳಿ. ಇದನ್ನ ಇನ್ನೊಂದು ಕಚ್ಚಿದ್ರೆ?"

"ಆಗ ನೋಡೋಣ."

"ಆಗ ನೋಡೋಕೆ ಏನೂ ಉಳಿದಿರಲ್ಲ" ಅಂದು ನರ್ಸಕ್ಕ ಡಬ್ಬ ಎತ್ತಿಕೊಂಡಳು.

ಗುರುವಾರ ಗಿರಣಿಯ ಸಾಲು ಚರಂಡಿ ದಾಟಿತ್ತು. ಮುಂದಿನ ಸಲ ನೋಡೋಣ ಅಂದುಕೊಂಡರು. ಶಾಲೆಯ ಮೈದಾನ ಇನ್ನೂರು ಹೆಜ್ಜೆಯೂ ದೂರ ಇರಲಿಲ್ಲ.

ಸ್ವಲ್ಪ ದಿನಕ್ಕೆ ಪರ ಊರಿನ ನಾಯಿಯೊಂದು ನುಗ್ಗಿ ಬಂದು ಹಿಟ್ಟಪ್ಪನ ಕಿವಿ ಸೀಳಿ, ನಿಲ್ಲದೆ ಓಡಿಹೋಯಿತು. ಗಿರಣಿಯಣ್ಣ ಕಿವಿಗೂ ಒಂದು ಚಿಟಿಕೆ ಹಿಟ್ಟು ಒತ್ತಿದ. ಗಾಯ ಮಾಯಿತು. ಎಲ್ಲರೂ ಮರೆತರು.

ಒಂದೂವರೆ ತಿಂಗಳ ಮೇಲೆ ಹಿಟ್ಟಪ್ಪ ಊಟ ಬಿಟ್ಟಿತು. ಕೆಳದವಡೆ ಜೋತುಬಿತ್ತು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ಬೊಗಳಲು ಹೋದರೆ ಒಡಕು ಸ್ವರ. ನೀರಿಟ್ಟರೆ ಮೂತಿ ಅದ್ದುತ್ತಿತ್ತು, ಒಂದು ಗುಟುಕೂ ಇಳಿಯುತ್ತಿರಲಿಲ್ಲ. ಹುಚ್ಚು ಹಿಡಿದ ನಾಯಿಯೆಂದರೆ ಬೀದಿ ತುಂಬ ಓಡಾಡಿ ಸಿಕ್ಕಿದವರನ್ನು ಕಚ್ಚುತ್ತದೆ ಅಂತ ಜನರ ಲೆಕ್ಕ. ಇದು ಮೋಟರಿನ ಮೂಲೆ ಬಿಟ್ಟು ಅಲ್ಲಾಡಲಿಲ್ಲ. ಹಾಗಾಗಿ ಯಾರಿಗೂ ಆ ಯೋಚನೆಯೇ ಬರಲಿಲ್ಲ.

"ಗಂಟಲಲ್ಲಿ ಮೂಳೆ ಸಿಕ್ಕಿದೆ" ಅಂದ ಗಿರಣಿಯಣ್ಣ.

"ಇನ್ನೇನು ಮತ್ತೆ" ಅಂದ ಟೈಲರ್.

ಗಿರಣಿಯಣ್ಣ ಅಂದೇ ಬೆಳಿಗ್ಗೆ ಕಲ್ಲು ಕುಟ್ಟಿ ಎದ್ದಿದ್ದ. ಕೈ ತುಂಬ ಹಸಿ ಗಾಯ. ಹೆಂಡತಿ ನಾಯಿಯ ದವಡೆ ಹಿಡಿದಳು. ಪಾತ್ರೆ ತಿಕ್ಕಿ ತಿಕ್ಕಿ ಅವಳ ಹೆಬ್ಬೆರಳೂ ಬಿರುಕು ಬಿಟ್ಟಿತ್ತು. ಅವನು ಮಣಿಕಟ್ಟಿನವರೆಗೆ ಕೈ ಹಾಕಿ, "ಇನ್ನೊಂಚೂರು ತಡ್ಕೋ ಮಗಾ" ಅನ್ನುತ್ತ ಹುಡುಕಿದ. ಮೂಳೆ ಇರಲಿಲ್ಲ. ಹಿಟ್ಟಪ್ಪ ಹಲ್ಲು ಊರಲಿಲ್ಲ. ಕೈ ತೆಗೆದು ಟವೆಲಿಗೆ ಒರೆಸಿ, ಗಾಯ ಮತ್ತೆ ಬಾಯಿಬಿಟ್ಟಲ್ಲಿ ಹಿಟ್ಟು ಒತ್ತಿಕೊಂಡ.

ಎರಡು ದಿನಕ್ಕೆ ನಾಯಿ ಸತ್ತಿತು. ಡಬ್ಬ ಹಿಡಿದು ನಿಂತವರನ್ನು ಕಾಯಿಸಿ, ಅವನೇ ಗಿರಣಿಯ ಹಿಂದೆ ಗುಂಡಿ ತೋಡಿ ಹೂತ.

ಮರುದಿನ ನರ್ಸಕ್ಕ ಬಂದಳು. ಖಾಲಿ ಗೋಣಿ ನೋಡಿ ಕೇಳಿದಳು. ಅತ್ತೆ ದವಡೆ, ಜೊಲ್ಲು, ಮೂಳೆ ಎಲ್ಲ ಹೇಳಿದರು. ನರ್ಸಕ್ಕ ಹೊತ್ತಿದ್ದ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾರ‍್ಯಾರು ಮುಟ್ಟಿದ್ರಿ?"

ಗಂಡ ಹೆಂಡತಿ ಇಬ್ಬರನ್ನೂ ನಲ್ಲಿಯ ಹತ್ತಿರ ನಿಲ್ಲಿಸಿ, ಸೋಪು ಕೊಟ್ಟು, ಕಾಲು ಗಂಟೆ ಹರಿಯುವ ನೀರಿನಲ್ಲಿ ಕೈ ತೊಳೆಸಿದಳು.

"ಮೂರು ದಿನ ಆಯ್ತಲ್ಲ, ಈಗೇನು ತೊಳೆಯೋದು" ಅಂದ ಅವನು.

"ಆಗಲೇ ತೊಳೀಬೇಕಿತ್ತು. ಈಗಲಾದ್ರೂ ತೊಳೀರಿ. ಇವತ್ತೇ ಆಸ್ಪತ್ರೆಗೆ ಬನ್ನಿ, ಇಬ್ಬರೂ."

"ಕಚ್ಚಲೇ ಇಲ್ಲವಲ್ಲ ನರ್ಸಕ್ಕ."

"ಕಚ್ಚಲೇಬೇಕು ಅಂತಿಲ್ಲ. ರೋಗ ಇರೋದು ಜೊಲ್ಲಲ್ಲಿ. ಹಸಿ ಗಾಯಕ್ಕೆ ಜೊಲ್ಲು ತಾಗಿದ್ರೆ ಕಚ್ಚಿದಷ್ಟೇ ಲೆಕ್ಕ. ಗಾಯದ ಸುತ್ತ ಕೊಡೋ ಮದ್ದಿದೆ, ಲಸಿಕೆ ಇದೆ. ಹೇಳಿದ ದಿನ ಹೋಗಿ ಅಷ್ಟೂ ತಗೊಂಡ್ರೆ ಬದುಕ್ತೀರಿ. ರೋಗ ಕಾಣಿಸ್ಕೊಂಡ ಮೇಲೆ ಯಾರ ಕೈಯಲ್ಲೂ ಏನೂ ಆಗಲ್ಲ."

ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋದರು. ಆಸ್ಪತ್ರೆಯ ಗೇಟಿನ ಹತ್ತಿರ ಅವನು ಇಳಿದು ನಿಂತ. "ನೀನು ನಡಿ. ಸೈಕಲ್ಲು ಯಾರಾದ್ರೂ ಹೊಡ್ಕೊಂಡು ಹೋದಾರು. ಹಿಂದೆ ಬರ್ತೀನಿ." ಆ ಸೈಕಲ್ಲಿಗೆ ಬ್ರೇಕೂ ಇರಲಿಲ್ಲ, ಬೆಲ್ಲೂ ಇರಲಿಲ್ಲ. ಅವಳು ಒಳಗೆ ಹೋಗಿ ಚುಚ್ಚಿಸಿಕೊಂಡು ಬಂದಳು. ಅವನು ಅಲ್ಲೇ ನಿಂತಿದ್ದ.

"ನೋವಾಯ್ತಾ?"

"ಇರುವೆ ಕಚ್ಚಿದ ಹಾಗೆ. ಬಾ, ನಾನೂ ಬರ್ತೀನಿ ನಿನ್ನ ಜೊತೆ."

"ಇರುವೆನೂ ಕಚ್ಚುತ್ತೆ. ನನ್ನ ಹಿಟ್ಟಪ್ಪ ಕಚ್ಚಲಿಲ್ಲ ನೋಡು" ಅಂದು ಸೈಕಲ್ಲು ತಿರುಗಿಸಿದ. "ನಾಳೆ ಬಂದ್ರಾಯ್ತು."

ಆಸ್ಪತ್ರೆಯವರು ಬರೆದುಕೊಟ್ಟ ದಿನಗಳಿಗೆ ಅವಳು ಸರಿಯಾಗಿ ಹೋದಳು. ಅವನ ನಾಳೆ ಬರಲಿಲ್ಲ. ಒಂದು ದಿನ ಬೆಲ್ಟು ಹರಿದಿತ್ತು, ಒಂದು ದಿನ ಕರೆಂಟು ಬಂದದ್ದೇ ಮಧ್ಯಾಹ್ನ, ಒಂದು ದಿನ ಸುಮ್ಮನೆ ಇಲ್ಲ.

ಅವಳ ಮೂರನೆಯ ಸೂಜಿಯಾದ ಮೇಲೆ, ಸೂಜಿ ಕೋಣೆಯಲ್ಲಿ ಪಾಳಿ ಇಲ್ಲದ ನರ್ಸಕ್ಕ ಗಿರಣಿಯ ಮುಂದೆ ಹಾದುಹೋಗುತ್ತ ಕೂಗಿ ಕೇಳಿದಳು. "ಇಬ್ಬರೂ ತಗೋತಿದ್ದೀರಿ ತಾನೆ?"

ಟೈಲರ್ ತಲೆಯೆತ್ತಿದ. ಸಾಲಿನಲ್ಲಿ ಐದಾರು ಹೆಂಗಸರಿದ್ದರು. ಗಿರಣಿಯಣ್ಣ ಕಲ್ಲಿನ ಮೇಲೆ ಬಗ್ಗಿದವನು ಬಗ್ಗಿಯೇ ಇದ್ದ. ಇಲ್ಲ ಅಂದರೆ ಈಗಲೇ ಇವನ ಮಾನ ಹರಾಜು, ನಾಳೆ ನಾನೇ ಕಿವಿ ಹಿಡಿದು ಎಳೆದುಕೊಂಡು ಹೋಗುತ್ತೇನೆ ಅಂತ ಅವಳು ಅಂದುಕೊಂಡಳು.

"ಹೂಂ, ತಗೋತಿದ್ದೀವಿ" ಅಂದಳು.

ನರ್ಸಕ್ಕ ತಲೆಯಾಡಿಸಿ ಹೋದಳು. ಅವನು ಹೆಂಡತಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. ಅವಳು ಈಗಲೂ ಮೊದಲು ನೆನೆಯುವುದು ಆ ಕಣ್ಣನ್ನೇ.

ಎರಡು ತಿಂಗಳು ಏನೂ ಆಗಲಿಲ್ಲ. ಅವನ ಕೈ ಗಾಯ ಒಣಗಿ ಚರ್ಮ ಬಂತು. ಅವಳ ಲಸಿಕೆಯೂ ಮುಗಿಯಿತು. "ನೀನು ಚುಚ್ಚಿಸ್ಕೊಂಡೆ, ನಾನು ಗಟ್ಟಿಯಾದೆ" ಅಂತ ತಮಾಷೆ ಮಾಡಿದ. ಅವಳೂ ನಕ್ಕಳು. ಆ ಎರಡು ತಿಂಗಳ ಮೊದಲ ವಾರಗಳಲ್ಲಿ ಕರೆದುಕೊಂಡು ಹೋಗಿದ್ದರೂ ಆಗುತ್ತಿತ್ತು.

ಆಮೇಲೊಂದು ದಿನ ಮುಂಗೈ ಜುಮುಗುಡುತ್ತದೆ ಅಂದ. ಸುತ್ತಿಗೆ ಹಿಡಿದದ್ದಕ್ಕೆ ಅಂದುಕೊಂಡರು. ಮರುದಿನ ಜ್ವರ. ಅದರ ಮರುದಿನ ಊಟದ ನಡುವೆ ನೀರಿನ ಲೋಟ ತುಟಿಗೆ ತಂದವನು ಗಂಟಲು ಹಿಡಿದುಕೊಂಡು ಲೋಟ ದೂರ ತಳ್ಳಿದ. ನೀರು ನೆಲದ ಮೇಲೆ ಹರಿಯಿತು. ಅವನು ಅದರಿಂದ ಕಾಲು ಎಳೆದುಕೊಂಡ.

ಅವಳಿಗೆ ನಾಯಿಯ ನೀರಿನ ಬಟ್ಟಲು ನೆನಪಾಯಿತು.

ನರ್ಸಕ್ಕ ಓಡಿ ಬಂದಳು. "ಎಷ್ಟು ಸೂಜಿ ಆಗಿತ್ತು ಇವರಿಗೆ?"

"ಒಂದೂ ಇಲ್ಲ."

ನರ್ಸಕ್ಕ ಬೈಯಲಿಲ್ಲ. ಬೋರಲು ಹಾಕಿದ್ದ ಹಿಟ್ಟಿನ ಡಬ್ಬದ ಮೇಲೆ ಕೂತುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ನಾಯಿ ಯಾವಾಗ ಕಚ್ಚಿತು ಅಂತ ಕೇಳಿದರು. "ಕಚ್ಚಲಿಲ್ಲ ಸ್ವಾಮಿ" ಅಂದರು ಅತ್ತೆ. ಯಾರು ಏನು ಕೇಳಿದರೂ ಅವರ ಬಾಯಲ್ಲಿ ಅದೊಂದೇ ಮಾತು. ಕಚ್ಚಲಿಲ್ಲ. ಕಚ್ಚಲೇ ಇಲ್ಲ. ನಾಲ್ಕನೆಯ ದಿನ ಮಗನ ಮೈ ಮೇಲೆ ಬಟ್ಟೆ ಎಳೆದ ನಂತರವೂ ಅದನ್ನೇ ಹೇಳುತ್ತಿದ್ದರು.

ಹದಿನೈದು ದಿನಕ್ಕೆ ಗಿರಣಿ ಬಾಗಿಲು ತೆರೆಯಿತು. ಆ ಹೊತ್ತಿಗೆ ಟೈಲರ್ ನಾಲ್ಕು ಜನರನ್ನು ಕಟ್ಟಿಕೊಂಡು, ದೊಣ್ಣೆ ಹಿಡಿದು ಬಂದ. ಚರಂಡಿಯಾಚೆ ಎರಡು ನಾಯಿ ಮಲಗಿದ್ದವು.

"ಇವನ್ನ ಇವತ್ತು ಮುಗಿಸಿಬಿಡ್ತೀವಿ ಅಕ್ಕ. ನಿನ್ನ ಗಂಡನ್ನ ತಿಂದವು."

"ನನ್ನ ಗಂಡನ್ನ ತಿಂದದ್ದು ನಾಯಿ ಅಲ್ಲ" ಅಂದಳು ಗಿರಣಿಯಕ್ಕ. "ಇನ್ನೂರು ಹೆಜ್ಜೆ ಕರ್ಕೊಂಡು ಹೋಗಿದ್ರೆ ಆ ನಾಯಿನೂ ಇರ‍್ತಿತ್ತು, ಅವನೂ ಇರ‍್ತಿದ್ದ. ನರ್ಸಕ್ಕ ಕೇಳಿದಾಗ ಹೂಂ ಅಂದವಳು ನಾನು. ಹೊಡೆಯೋದಿದ್ರೆ ಇಲ್ಲಿಂದ ಶುರು ಮಾಡಿ."

ಟೈಲರ್ ದೊಣ್ಣೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಿಂದ ಕೈಗೆ ಬದಲಿಸಿದ.

ಮುಂದಿನ ಸಲ ಮೈದಾನದಲ್ಲಿ ಲಸಿಕೆ ಹಾಕುವಾಗ ಅತ್ತೆ ಸೊಸೆ ಇಬ್ಬರೂ ಒಂದೊಂದು ನಾಯಿಯ ಹಗ್ಗ ಹಿಡಿದು ಹೋದರು. ಪುಸ್ತಕ ಹಿಡಿದು ಕೂತವನು ಯಾರ ನಾಯಿ ಅಂತ ಕೇಳಿದ.

"ನಮ್ಮವು" ಅಂದರು ಅತ್ತೆ. "ಬರ್ಕೊಳ್ಳಪ್ಪಾ. ಗಿರಣಿಯವು."

ಈಗ ಕಲ್ಲು ಕುಟ್ಟುವವಳು ಗಿರಣಿಯಕ್ಕನೇ. ಚೂರು ಅವಳ ಕೈಗೂ ಚುಚ್ಚುತ್ತದೆ. ಹಿಟ್ಟು ಒತ್ತುವುದಿಲ್ಲ. ಎದ್ದು ಹೋಗಿ ಸೋಪು ಹಚ್ಚಿ ತೊಳೆದು, ಬಟ್ಟೆ ಕಟ್ಟಿಕೊಂಡು ಬರುತ್ತಾಳೆ. ಗಾಯ ಮಾಯುವವರೆಗೆ ನಾಯಿಗಳು ಆ ಕೈ ನೆಕ್ಕಲು ಬಂದರೆ ದೂರ ಸರಿಸುತ್ತಾಳೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ. ಬೀದಿಯಲ್ಲಿ ಅಲೆಯುವ ನಾಯಿಗೆ ಒಂದು ತುತ್ತು ಹಾಕಿ, ಜಾಗ ಕೊಡಿ, ಅದು ಒಳ್ಳೆಯ ಕೆಲಸವೇ. ಹೆಸರಿಡುವ ಮೊದಲು ದನದ ಡಾಕ್ಟರ ಹತ್ತಿರ ಕರೆದೊಯ್ದು ತೋರಿಸಿ, ಲಸಿಕೆ ಹಾಕಿಸಿ. ಅವರು ಹೇಳಿದಾಗ, ವರ್ಷ ವರ್ಷವೂ, ಮತ್ತೆ ಹಾಕಿಸಿ. ಊಟ ಬಿಟ್ಟ, ದವಡೆ ಜೋತುಬಿದ್ದ ನಾಯಿಯ ಬಾಯಿಗೆ ಕೈ ಹಾಕಬೇಡಿ. ಕಚ್ಚಿರಲಿ, ಪರಚಿರಲಿ, ಗಾಯವನ್ನು ನೆಕ್ಕಿರಲಿ, ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಿರಿ. ಹಿಟ್ಟು, ಖಾರ, ಸುಣ್ಣ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಅವರು ಹೇಳಿದಷ್ಟೂ ಸೂಜಿ ತೆಗೆದುಕೊಳ್ಳಿ. ದಿನ ಕಳೆದುಹೋಯಿತು ಅಂತ ಸುಮ್ಮನಿರಬೇಡಿ, ತಡವಾದರೂ ಹೋಗಿ.

ಮನೆಯಲ್ಲಿ ಯಾರಾದರೂ "ಕಚ್ಚಲಿಲ್ಲವಲ್ಲ" ಅಂದರೆ ಕೈ ಹಿಡಿದು ಕರೆದುಕೊಂಡು ಹೋಗಿ. ಗೇಟಿನ ಹತ್ತಿರ ಬಿಡಬೇಡಿ. ನರ್ಸು ಕೇಳಿದರೆ ಅವರ ಬದಲು ನೀವು ಹೂಂ ಅನ್ನಬೇಡಿ.