ಗುಂಡಿಯ ಮೇಲಿನ ಪೆನ್ಸಿಲ್ ಗೆರೆ

ನನ್ನ ಕಿವಿಯೇ ಮಂದವೇನೋ ಎಂಬ ಅನುಮಾನ ಎರಡು ತಿಂಗಳಿಂದ ಕಾಡುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಡೈರಿಯಲ್ಲಿ ಮಾತ್ರ ಮೂರು ಸಲ ಬರೆದಿದ್ದೆ. ಎಲೆಕ್ಟ್ರಾನಿಕ್ಸ್ ಪದವಿ ಮುಗಿಸಿ ಸೋದರಮಾವನ ಸ್ಪೀಕರ್ ಅಂಗಡಿ ಸೇರಿದವಳು ನಾನು. ಬೆಳಿಗ್ಗೆ ಒಬ್ಬಳೇ ಕೂತು ಕೇಳಿದರೆ ಪ್ಯಾಸಿವ್ ಪೆಟ್ಟಿಗೆಗೂ ನಮ್ಮ ಆಕ್ಟಿವ್ ಪೆಟ್ಟಿಗೆಗೂ ಕೂದಲೆಳೆಯಷ್ಟೇ ಅಂತರ. ಗಿರಾಕಿಗಳು ಮಾತ್ರ ಭೂಮಿಗೂ ಆಕಾಶಕ್ಕೂ ಇರುವಷ್ಟು ಎನ್ನುತ್ತಿದ್ದರು.

ಹಾಡಿನ ಕೆಳದನಿಯನ್ನು ದೊಡ್ಡ ಸ್ಪೀಕರಿಗೆ, ಮೇಲ್ದನಿಯನ್ನು ಪುಟ್ಟ ಸ್ಪೀಕರಿಗೆ ಹಂಚುವ ಸರ್ಕ್ಯೂಟೇ ಕ್ರಾಸ್‌ಓವರ್. ಪ್ಯಾಸಿವ್‌ನಲ್ಲಿ ಆಂಪ್ಲಿಫೈಯರ್ ಒಂದೇ. ಅದರ ಶಕ್ತಿಯನ್ನು ಪೆಟ್ಟಿಗೆಯೊಳಗಿನ ತಂತಿಸುರುಳಿಗಳು ಹಂಚುತ್ತವೆ, ಹಂಚುತ್ತಾ ತಾವೂ ಕೊಂಚ ನುಂಗುತ್ತವೆ. ಆಕ್ಟಿವ್‌ನಲ್ಲಿ ಮೊದಲೇ ಹಂಚಿ, ಒಂದೊಂದು ಸ್ಪೀಕರಿಗೂ ಒಂದೊಂದು ಆಂಪ್ಲಿಫೈಯರ್ ಕೊಡುತ್ತಾರೆ. ನಮ್ಮದಕ್ಕೆ ಬೆಸುಗೆ ಹಾಕಿದವಳು ನಾನೇ. ಎರಡು ಸಲ ಬೆರಳು ಸುಟ್ಟುಕೊಂಡಿದ್ದೇನೆ.

ಹೋಲಿಸಿ ಕೇಳಿಸುವಾಗ ಸದ್ದು ಸಮ ಇರಬೇಕು. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಯಾರ ಕಿವಿಯಾದರೂ ಮೋಸಹೋಗುತ್ತದೆ. ಅದಕ್ಕೇ ಮೀಟರ್ ಹಿಡಿದು ಅಳೆದು, ವಾಲ್ಯೂಮ್ ಗುಂಡಿ ನಿಲ್ಲಬೇಕಾದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದು, ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದೆ.

ಆ ದಿನ ಸಂಗೀತದ ಟೀಚರ್ ತಮ್ಮ ಹಳೆಯ ಪ್ಯಾಸಿವ್ ಪೆಟ್ಟಿಗೆಗಳನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು. ತೀರಿಕೊಂಡ ಗಂಡ ಕೈಯಾರೆ ಮಾಡಿದ್ದವು. ಹೊಸದು ಕೊಂಡರೆ ಹಳೆಯದನ್ನು ಇಲ್ಲೇ ಬಿಡಬೇಕೆಂಬುದು ಮಾವನ ಷರತ್ತು. ಆಮೇಲೆ ಅವನ್ನು ಬಿಚ್ಚಿ ಬಿಡಿಭಾಗ ಮಾಡುತ್ತಾರೆ. ನಾನು ಅವನ್ನು ಜೋಡಿಸಿ, ಅಳೆದು, ಹೊಸ ಗೆರೆ ಎಳೆದೆ. ತಂತಿ ಸಡಿಲವಿತ್ತೆಂದು ಮೂಲೆಯಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ.

ಆಗ ಕಂಡಿತು. ಧೂಳು ಒರೆಸುವ ನೆಪದಲ್ಲಿ ಮಾವ ನಮ್ಮ ಪೆಟ್ಟಿಗೆಯ ಗುಂಡಿಯನ್ನು ಗೆರೆ ದಾಟಿಸಿ ಎರಡು ಅಂಕ ಮೇಲಕ್ಕೆ ತಿರುಗಿಸಿದರು. ಬಟ್ಟೆ ಮಡಿಸಿ ಜೇಬಿಗಿಟ್ಟುಕೊಂಡರು. ಎಷ್ಟು ಪಳಗಿದ ಕೈ!

"ಮೊದಲು ನಿಮ್ಮದು ಕೇಳಿ ಟೀಚರ್. ಈಗ ನಮ್ಮದು. ಹೇಗಿದೆ?"

"ಇದೇ ತುಂಬಿಕೊಂಡು ಬರುತ್ತೆ ಕಣಪ್ಪ." ಟೀಚರ್ ಮುಖ ಸಪ್ಪಗಾಯಿತು. "ಇಷ್ಟು ವರ್ಷ ನಮ್ಮನೆಯವರು ಮಾಡಿದ್ದೇ ಚೆನ್ನಾಗಿದೆ ಅಂದ್ಕೊಂಡಿದ್ದೆ. ನನ್ನ ಕಿವಿಯೇ ಕೆಟ್ಟಿದೆಯೋ ಏನೋ."

"ವಯಸ್ಸು ಯಾರನ್ನ ಬಿಟ್ಟಿದೆ ಬಿಡಿ!" ಮಾವ ಹಲ್ಲು ಕಿರಿದರು.

ನನ್ನ ಮೈಯೆಲ್ಲ ಉರಿಯಿತು. ಎರಡು ತಿಂಗಳು ನಾನು ಬೈದುಕೊಂಡದ್ದು ನನ್ನದೇ ಕಿವಿಯನ್ನು! ಕೂದಲೆಳೆಯಷ್ಟಾದರೂ ಆ ಅಂತರ ನಿಜವಾದದ್ದು, ನಾನು ದುಡಿದು ತಂದದ್ದು. ಅದಕ್ಕೆ ಈ ಕಳ್ಳಬೆರಳಿನ ಉಪಕಾರ ಯಾರು ಕೇಳಿದ್ದರು?

"ಮಾವ, ಗುಂಡಿ ಗೆರೆ ಬಿಟ್ಟು ಹೋಗಿದೆ," ಎಂದೆ ಮೆಲ್ಲಗೆ.

"ಏನೇ ಗುಮ್ಮನಗುಸುಕಿ, ಇವತ್ತು ಬಾಯಿ ಬಂತಾ? ಗುಂಡಿ ಗೆರೆ ಬಿಟ್ರೆ ರಬ್ಬರ್ ತಗೊಂಡು ಗೆರೇನೇ ಅಳಿಸು. ವ್ಯಾಪಾರದ ಮಧ್ಯೆ ಕಾಲೇಜು ಪಾಠ ಬೇಡ. ಹೋಗು, ಬಿಲ್ ಬುಕ್ ತಗೊಂಬಾ."

ಟೀಚರ್ ಕಂಬಳಿಯನ್ನು ಮಾತ್ರ ಮಡಿಸಿಕೊಳ್ಳುತ್ತಿದ್ದರು. ಒಂದು ಕೈ ಹಳೆಯ ಪೆಟ್ಟಿಗೆಯ ಅಂಚನ್ನು ಸವರುತ್ತಲೇ ಇತ್ತು. ನಾನು ಬಿಲ್ ಬುಕ್ ತರಲು ಹೋಗದೆ ಎದ್ದು ನಿಂತೆ.

"ಟೀಚರ್, ನಿಮ್ಮ ಕಿವಿ ಚೆನ್ನಾಗೇ ಇದೆ. ಮಾವ ನಮ್ಮ ಪೆಟ್ಟಿಗೆ ಸದ್ದು ಜಾಸ್ತಿ ಮಾಡಿಟ್ಟಿದ್ದಾರೆ."