ಕತ್ತಿನ ಪಟ್ಟಿ ಕೊಟ್ಟ ಹೇಳಿಕೆ

ನಾನು ಒಂದು ಕತ್ತಿನ ಪಟ್ಟಿ. ಕಾಲರ್ ಎಂದರೆ ನಿಮಗೆ ಬೇಗ ಗೊತ್ತಾದೀತು. ಮೆತ್ತನೆಯ ಸ್ಪಂಜು, ಅದರ ಮೇಲೆ ಮೈಬಣ್ಣದ ಬಟ್ಟೆ, ಹಿಂದುಗಡೆ ಅಂಟಿಸಲು ಒಂದು ಪಟ್ಟಿ. ಇಷ್ಟೇ ನನ್ನ ಮೈ. ಬೆಂಗಳೂರಿನ ಹೊರವಲಯದ ಒಂದು ಶೆಡ್ಡಿನಲ್ಲಿ ನನ್ನನ್ನು ಕತ್ತರಿಸಿ ಹೊಲಿದರು. ಗದ್ದ ಕೂರಲೆಂದು ಮುಂದೆ ಒಂದು ತಗ್ಗು ಬಿಟ್ಟರು. ಕತ್ತು ಅಲುಗಾಡದಂತೆ ಹಿಡಿದಿಡುವುದು ನನ್ನ ಕೆಲಸ. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದಾಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನನ್ನನ್ನು ಮುಂದಿಟ್ಟುಕೊಂಡು ನಡೆದದ್ದು ಮೋಸ.

ನನ್ನನ್ನು ಮೊದಲು ಕಟ್ಟಿಕೊಂಡವರು ಸ್ಕೂಟರಿನಿಂದ ಬಿದ್ದ ಒಬ್ಬ ಗಣಿತದ ಮೇಷ್ಟ್ರು. ಅವರ ಕತ್ತು ನಿಜವಾಗಿಯೂ ಉಳುಕಿತ್ತು. ಕೆಲವೇ ದಿನ ಹಿಡಿದುಕೊಂಡೆ. ಹೆಚ್ಚು ಕಾಲ ಕಟ್ಟಿದರೆ ಕತ್ತಿನ ಸ್ನಾಯು ಸೊರಗುತ್ತದೆಂದು ಡಾಕ್ಟರು ಬಿಚ್ಚಿಸಿದರು. ಮೇಷ್ಟ್ರು ನನ್ನನ್ನು ಆ ಖಾಸಗಿ ನರ್ಸಿಂಗ್ ಹೋಮಿನಲ್ಲೇ ಬಿಟ್ಟು ಹೋದರು. ಅಲ್ಲಿನ ಆಯಾ ಕೆಂಚಮ್ಮ ನನ್ನನ್ನು ಸೋಪು ಹಾಕಿ ತೊಳೆದು ಕಪಾಟಿಗೆ ಸೇರಿಸಿದರು. ನಾನು ಮರ್ಯಾದೆಯಿಂದ ಮಾಡಿದ ಕೆಲಸ ಆ ಮೇಷ್ಟ್ರ ಕತ್ತು ಹಿಡಿದದ್ದೊಂದೇ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಕೆಂಚಮ್ಮ ನೋಡಿದ್ದಾರೆ. ಅವರು ಹೇಳಿದಷ್ಟನ್ನೇ ಹೇಳುತ್ತೇನೆ.

ಸಂಜೆ, ರೋಗಿಗಳನ್ನು ನೋಡಲು ಮನೆಯವರು ಬರುವ ಹೊತ್ತು. ಸಿಸ್ಟರ್ ಪುಷ್ಪಲತಾ ಇಂಜೆಕ್ಷನ್ ಟ್ರೇ ಹಿಡಿದು ವಾರ್ಡಿಗೆ ಹೊರಟಿದ್ದರು. ವಾರ್ಡಿನಲ್ಲಿದ್ದ ತನ್ನ ತಾಯಿಯನ್ನು ನೋಡಲು ಡಾಕ್ಟರು ಇನ್ನೂ ಬಂದಿಲ್ಲವೆಂದು ಕಂಟ್ರಾಕ್ಟರ್ ಕಾಂತರಾಜು ಕೂಗಾಡುತ್ತಿದ್ದ. ಹಿಂದಿನಿಂದ ಬಂದವನೇ ಸಿಸ್ಟರ ಕತ್ತು ಹಿಡಿದು ಕೆಳಕ್ಕೆ ಅದುಮಿದ. ಅಲ್ಲೇ ಗೋಡೆಯ ಮೇಲೆ ಒಂದು ಬೋರ್ಡು ತೂಗುತ್ತಿತ್ತು: ಆಸ್ಪತ್ರೆ ಸಿಬ್ಬಂದಿಯ ಮೇಲೆ ಹಲ್ಲೆ ಮಾಡುವುದು ಜಾಮೀನುರಹಿತ ಅಪರಾಧ.

ಸಿಸ್ಟರ್ ಟ್ರೇ ಬಿಡಲಿಲ್ಲ. ಅದರಲ್ಲಿ ಒಬ್ಬ ರೋಗಿಗೆ ಕೊಡಬೇಕಾದ ಮದ್ದು ತುಂಬಿದ ಸಿರಿಂಜು ಇತ್ತು. ಕತ್ತು ಅವನ ಕೈಯಲ್ಲಿದ್ದಾಗಲೂ ಇವರು ಎರಡೂ ಕೈಯಲ್ಲಿ ಟ್ರೇಯನ್ನು ಮಟ್ಟವಾಗಿ ಹಿಡಿದೇ ಇದ್ದರು. ಜನ ಅವನನ್ನು ಎಳೆದು ಬಿಡಿಸಿದ ಮೇಲೆ ಹೋಗಿ ಆ ಇಂಜೆಕ್ಷನ್ ಕೊಟ್ಟು ಬಂದರು.

ಆಮೇಲೆ ಮ್ಯಾನೇಜರ್ ರುದ್ರಸ್ವಾಮಿಯ ಕೋಣೆಗೆ ಕರೆ ಬಂತು. ಕಾಂತರಾಜು ಅಲ್ಲಿ ಕಾಫಿ ಕುಡಿಯುತ್ತ ಕೂತಿದ್ದ.

“ನೋಡಿ ಸಿಸ್ಟರ್, ಕಾಂತಣ್ಣ ನಮಗೆ ಬೇಕಾದೋರು. ತಪ್ಪಾಯ್ತು ಅಂದ್ಬಿಡಿ, ಇಲ್ಲಿಗೇ ಮುಗ್ದೋಗ್ಲಿ.”

ಸಿಸ್ಟರ್ ತಲೆ ತಗ್ಗಿಸಿ, “ತಪ್ಪಾಯ್ತು ಅಣ್ಣ” ಎಂದರು. ಹಲ್ಲೆಗೊಳಗಾದವರು ಹಲ್ಲೆ ಮಾಡಿದವನಿಗೆ ಹೇಳಿದ ಮಾತು ಇದು. ಕಾಫಿ ಕಪ್ಪನ್ನು ತೊಳೆದದ್ದೂ ಕೆಂಚಮ್ಮನೇ.

ಮರುದಿನ ಸಿಸ್ಟರ ಕತ್ತು ಮೇಲೇಳಲಿಲ್ಲ. ಎಕ್ಸ್-ರೇ ತೆಗೆದರು. ಮೂಳೆಗೆ ಏನೂ ಆಗಿರಲಿಲ್ಲ. ರುದ್ರಸ್ವಾಮಿ ನನ್ನನ್ನು ಕಪಾಟಿನಿಂದ ತೆಗೆದು ತನ್ನ ಕೈಯಾರೆ ಅವರಿಗೆ ಕಟ್ಟಿದ.

“ರಿಪೋರ್ಟ್ ನಾರ್ಮಲ್ ಇದೆ. ಟೆನ್ಷನ್ ಅಷ್ಟೇ. ಇದನ್ನ ಕಟ್ಕೊಂಡು ಡ್ಯೂಟಿಗೆ ಬನ್ನಿ.”

ಕಾರಿಡಾರಿನಲ್ಲಿ ಕೆಂಚಮ್ಮ ನೆಲ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದರು. “ಅಲ್ಲ ಸಿಸ್ಟ್ರೇ, ಕಚ್ಚಿದ್ ನಾಯೀನ ಬಿಟ್ಟು ನಿಮ್ ಕತ್ಗ್ಯಾಕವ್ವ ಪಟ್ಟಿ ಕಟ್ಟವ್ರೆ?”

ಸಿಸ್ಟರ್ ನಕ್ಕರು. ಆ ನಗು ಗಂಟಲಿನವರೆಗೆ ಬಂದು ನನಗೆ ತಗುಲಿ ನಿಂತುಹೋದದ್ದು ನನಗೆ ಮಾತ್ರ ಗೊತ್ತು.

ಇನ್ನು ಹೇಳುವುದೆಲ್ಲ ನಾನೇ ಕಂಡದ್ದು. ಕಾರಿಡಾರಿನಲ್ಲಿ ಗಂಡಸಿನ ಬೂಟಿನ ಸದ್ದಾದರೆ ಸಾಕು, ಕತ್ತಿನ ನಾಡಿ ನನ್ನ ಅಂಚಿಗೆ ಬಡಿಯುತ್ತಿತ್ತು. ಹಲ್ಲು ಕಚ್ಚಿಕೊಳ್ಳುತ್ತಿತ್ತು. ಉಸಿರು ಎದೆಯ ಮೇಲ್ಭಾಗದಲ್ಲೇ ತಿರುಗಿ ಹೋಗುತ್ತಿತ್ತು. ಮನೆಯಲ್ಲಿ ಟಿ.ವಿ. ಮುಂದೆ ಕೂತಾಗಲೂ ಅವರ ಎರಡು ಕೈಗಳು ತೊಡೆಯ ಮೇಲೆ ಏನನ್ನೋ ಮಟ್ಟವಾಗಿ ಹಿಡಿದಂತೆ ಇರುತ್ತಿದ್ದವು. ಇಷ್ಟೆಲ್ಲ ಆಗುತ್ತಿದ್ದ ಮೈಗೆ ಆಸ್ಪತ್ರೆಯವರು ಇಟ್ಟ ಹೆಸರು ನಾರ್ಮಲ್. ಅದನ್ನು ಮುಚ್ಚಲು ಬಳಸಿದ ಬಟ್ಟೆ ನಾನು.

ಅಷ್ಟರಲ್ಲಿ, ಆ ಹಲ್ಲೆಯನ್ನು ಕಂಡಿದ್ದ ವಾರ್ಡಿನ ರೋಗಿಯೊಬ್ಬರ ಮಗ ಠಾಣೆಗೆ ದೂರು ಕೊಟ್ಟಿದ್ದ. ರುದ್ರಸ್ವಾಮಿ ಮತ್ತೆ ಕರೆದ. “ಪೊಲೀಸ್ನೋರು ಕೇಳಿದ್ರೆ ಕೈ ತಾಗ್ತು ಅಷ್ಟೇ ಅನ್ನಿ. ಇಲ್ದಿದ್ರೆ ಕೆಲಸದ ಬಗ್ಗೆ ಯೋಚ್ನೆ ಮಾಡ್ಬೇಕಾಗುತ್ತೆ.”

ಸಿಸ್ಟರಿಗೆ ಸುಳ್ಳು ಹೇಳುವ ಮನಸ್ಸಿರಲಿಲ್ಲ. ಆದರೆ ಸತ್ಯ ಹೇಳಲು ಹೊರಟರೆ ತಲೆ ಮೇಲೇಳುತ್ತಿರಲಿಲ್ಲ. ಕೆಂಚಮ್ಮ ಅವರನ್ನು ಜಿಲ್ಲಾಸ್ಪತ್ರೆಯ ಶಾಹೀನಾ ಮೇಡಂ ಬಳಿಗೆ ಎಳೆದುಕೊಂಡೇ ಹೋದರು. ಶಾಹೀನಾ ಮನಸ್ಸಿನ ನೋವಿಗೆ ಮೈಯ ಮೂಲಕ ಚಿಕಿತ್ಸೆ ಕೊಡುವವರು. ಮಾತ್ರೆ ಬೇಡ, ಡಾಕ್ಟರು ಬೇಡ ಎನ್ನುವವರಲ್ಲ.

ಅವರ ಮೊದಲ ಮಾತು, “ಇದನ್ನ ಬಿಚ್ಬಹುದಾ ಸಿಸ್ಟರ್?”

ನನ್ನ ವಿಷಯದಲ್ಲಿ ಆ ಕತ್ತಿನ ಒಪ್ಪಿಗೆ ಕೇಳಿದವರು ಅವರೇ ಮೊದಲು.

ಮೊದಲ ದಿನ ಶಾಹೀನಾ ನಡೆದದ್ದರ ಬಗ್ಗೆ ಕೇಳಲೇ ಇಲ್ಲ. ಪಾದ ನೆಲಕ್ಕೆ ಊರಿರುವುದನ್ನು ಗಮನಿಸಲು ಹೇಳಿದರು. ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ, ನಿಧಾನವಾಗಿ ನೋಡಿ ಎಂದರು. ನೋವಾದ ಕಡೆ ನಿಲ್ಲಿಸಲು ಹೇಳಿದರು. ಅಪಾಯ ಬಂದಾಗ ಮೈ ತಳ್ಳಲು ಅಥವಾ ಓಡಲು ಹೊರಡುತ್ತದೆ, ಅದು ಅರ್ಧಕ್ಕೇ ನಿಂತರೆ ಬಿಗಿತವಾಗಿ ಉಳಿಯಬಹುದು ಎಂದು ವಿವರಿಸಿದರು. ಆಮೇಲೆ ಆ ಕೈಗಳನ್ನು ನೋಡಿ ಕೇಳಿದರು: “ಕೈಲಿ ಏನಿದೆ ಸಿಸ್ಟರ್?” ಆಗ ಸಿಸ್ಟರ್ ಆ ಟ್ರೇ, ಆ ಇಂಜೆಕ್ಷನ್, ಎಲ್ಲ ಹೇಳಿದರು.

ಮುಂದಿನ ಸಲ ಒಂದು ಸ್ಟೀಲ್ ಟ್ರೇ ತಂದು ಅವರ ಕೈಗೆ ಕೊಟ್ಟರು.

“ಈಗ ಇದನ್ನ ಕೆಳಗಿಡಿ.”

ಆಗಲಿಲ್ಲ. ಬೆರಳು ಬೆಳ್ಳಗಾದವು. “ಇಂಜೆಕ್ಷನ್ ಇದೆ ಮೇಡಂ.”

“ಅದನ್ನ ಆವತ್ತೇ ಕೊಟ್ಟಾಯ್ತಲ್ಲ. ಆ ರೋಗಿ ಮನೆಗೂ ಹೋಗಾಯ್ತು.”

ಟ್ರೇ ಮೇಜಿಗೆ ತಾಗಿ ಟಣ್ ಎಂದಿತು. ಖಾಲಿಯಾದ ಕೈಗಳು ತಾವಾಗಿಯೇ ಎದೆಯ ಮಟ್ಟಕ್ಕೆ ಬಂದವು. ಶಾಹೀನಾ ಒಂದು ದಿಂಬನ್ನು ಎದುರು ಹಿಡಿದರು. ಸಿಸ್ಟರ್ ಅದನ್ನು ತಳ್ಳಿದರು. ಇನ್ನೊಮ್ಮೆ ತಳ್ಳಿದರು. “ಬಿಡೋ!” ಎಂದು ಕೂಗಿದರು. ಆ ಕೂಗಿಗೆ ಹೊರಗಿನಿಂದ ಕೆಂಚಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಸಿಸ್ಟರ್ ನಡುಗಿದರು, ಅತ್ತರು. ಅತ್ತು ಮುಗಿದಾಗ ಗದ್ದ ಮೇಲಿತ್ತು.

ಇದನ್ನು ಪವಾಡ ಎಂದು ಯಾರೂ ಬರೆಯಬೇಡಿ. ನೋವು ಒಂದೇ ಏಟಿಗೆ ಹೋಗಲಿಲ್ಲ, ಸಿಸ್ಟರ್ ಶಾಹೀನಾ ಬಳಿಗೆ ಮತ್ತೆ ಮತ್ತೆ ಹೋಗಬೇಕಾಯಿತು. ಕುರ್ಚಿಯ ಮೇಲೆ ಬಿದ್ದಿದ್ದ ನನಗೆ ಮಾತ್ರ ಸಿಟ್ಟು ಏರುತ್ತಲೇ ಇತ್ತು. ಮೈ ಇಷ್ಟು ಸ್ಪಷ್ಟವಾಗಿ ಹೇಳುತ್ತಿದ್ದುದನ್ನು ಆಸ್ಪತ್ರೆಯವರಾಗಿ ಕೇಳಲಿಲ್ಲವಲ್ಲ! ಕೇಳುವ ಬದಲು ನನ್ನನ್ನು ಕಟ್ಟಿದರಲ್ಲ!

ಸಬ್ ಇನ್ಸ್‌ಪೆಕ್ಟರು ಬಂದದ್ದು ಒಂದು ಬೆಳಿಗ್ಗೆ, ಮ್ಯಾನೇಜರ್ ಕೋಣೆಗೆ. ನಾನು ಸಿಸ್ಟರ ಬ್ಯಾಗಿನಲ್ಲಿದ್ದೆ.

“ಅಂಥದ್ದೇನಿಲ್ಲ ಸಾರ್,” ರುದ್ರಸ್ವಾಮಿಯೇ ಶುರುಮಾಡಿದ. “ಜಗಳದಲ್ಲಿ ಕೈ ತಾಗಿದೆ. ಸಿಸ್ಟರ್‌ಗೆ ಏನೂ ಆಗಿಲ್ಲ.”

ಸಿಸ್ಟರ್ ನನ್ನನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಅವತ್ತು ಟ್ರೇ ಇಟ್ಟಷ್ಟೇ ನಿಧಾನವಾಗಿ.

“ಏನೂ ಆಗಿಲ್ಲ ಅಂದ್ರೆ ಇದನ್ನ ಯಾಕೆ ಕಟ್ಟಿದ್ರಿ ಸಾರ್?”

ರುದ್ರಸ್ವಾಮಿ ನನ್ನನ್ನು ನೋಡಿದ.

“ಕಟ್ಟಿದ್ದು ಇವ್ರೇನಾ?” ಸಬ್ ಇನ್ಸ್‌ಪೆಕ್ಟರು ಕೇಳಿದರು.

“ಇವ್ರೇ. ಬರ್ಕೊಳ್ಳಿ ಸಾರ್. ಕತ್ತು ಹಿಡಿದಿದ್ದು ಕಾಂತರಾಜು. ನನ್ ಬಾಯಲ್ಲಿ ತಪ್ಪಾಯ್ತು ಅನ್ಸಿದ್ದು ಇವ್ರು.” ಗದ್ದ ಇಳಿಯಲಿಲ್ಲ.

ಈಗ ನಾನು ಠಾಣೆಯ ಮುದ್ದೆಮಾಲು ಕೋಣೆಯಲ್ಲಿದ್ದೇನೆ. ವಶಪಡಿಸಿಕೊಂಡ ಸಾಮಾನುಗಳನ್ನು ಇಡುವ ಜಾಗ ಇದು. ನನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿದ್ದಾರೆ. ಒಂದು ಪಕ್ಕದಲ್ಲಿ ಮಚ್ಚು, ಇನ್ನೊಂದು ಪಕ್ಕದಲ್ಲಿ ತುಕ್ಕು ಹಿಡಿದ ಸೈಕಲ್ಲು. ಪೇದೆಗಳ ಮಾತಿನಿಂದ ತಿಳಿದದ್ದು ಇಷ್ಟು: ಸಿಸ್ಟರ್ ಕೆಲಸ ಕಳೆದುಕೊಂಡು ಬೇರೆ ಆಸ್ಪತ್ರೆ ಸೇರಿದ್ದಾರೆ. ಕಾಂತರಾಜುಗೆ ಕೋರ್ಟಿನಿಂದ ಜಾಮೀನು ಸಿಕ್ಕಿದೆ. ವಿಚಾರಣೆ ಇನ್ನೂ ಶುರುವಾಗಿಲ್ಲ.

ನನ್ನ ಸ್ಪಂಜು ಪುಡಿಯಾಗುತ್ತಿದೆ. ಸಿಟ್ಟು ಹಾಗೇ ಇದೆ. ಒಂದು ದಿನ ನ್ಯಾಯಾಲಯದಲ್ಲಿ ಈ ಮುದ್ರೆ ಒಡೆದು, ಇದನ್ನು ಗುರುತಿಸುತ್ತೀರಾ ಎಂದು ಸಿಸ್ಟರನ್ನು ಕೇಳುತ್ತಾರೆ. ಆಗ ನನ್ನನ್ನು ಮೇಜಿನ ಮೇಲೆ ಬಿಸಾಡಿ ತೋರಿಸಬೇಡಿ. ಎತ್ತಿ ಹಿಡಿಯಿರಿ. ನನ್ನನ್ನು ನೋಡಲೆಂದು ಅವರು ಮತ್ತೆ ತಲೆ ತಗ್ಗಿಸಬಾರದು.