ಗಾದೆಮ್ಮನ ಜಿಡ್ಡು ದಿಂಬು

ಹೆಬ್ಬೆಟ್ಟಿನ ಹೆಂಗಸರನ್ನು ಕಟ್ಟಿಕೊಂಡು ವಿಜ್ಞಾನ ಮಾಡುವ ಕರ್ಮ ನನ್ನ ಶತ್ರುವಿಗೂ ಬೇಡ. ನಾನು ವಾಸುದೇವ, ಬಳ್ಳಾರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್. ಸಿರುಗುಪ್ಪದ ಗಿರಣಿಗಳ ಭತ್ತದ ಹೊಟ್ಟನ್ನು ಸುಟ್ಟು ಇದ್ದಿಲು ಮಾಡಿ, ಜೀನ್ಸ್ ಹೊಲಿಯುವವರು ಬಿಸಾಡಿದ ತುಂಡುಬಟ್ಟೆಯಲ್ಲಿ ತುಂಬಿದರೆ, ನೀರಿನ ಮೇಲಿನ ಎಣ್ಣೆ ಹೀರುವ ದಿಂಬು ಸಿದ್ಧ. ಸೂತ್ರ ನನ್ನದು. ಹೊಲಿಗೆ ಮಾತ್ರ ಕುರುಗೋಡಿನ ಗಾದೆಮ್ಮನದು.

ಮೊದಲ ದಿಂಬುಗಳು ನೀರು ಕುಡಿದು ಮುಳುಗಿದ್ದವು. ಆರು ತಿಂಗಳಿಂದ ಈಚಿನವು ತೇಲಿದವು. ಇದ್ದಿಲನ್ನು ಹೆಚ್ಚು ಕಾಯಿಸಿದ್ದರ ಫಲವೆಂದು ಪ್ರಬಂಧ ಬರೆದೆ. "ಸರ, ಅದು ಯಾಕ ತೇಲತೈತಿ ಅಂದ್ರ..." ಎಂದು ಗಾದೆಮ್ಮ ಒಮ್ಮೆ ಬಾಯಿ ತೆರೆದಿದ್ದಳು.

"ಹೆಬ್ಬೆಟ್ಟಿಗೆ ಅದೆಲ್ಲ ಯಾಕಮ್ಮ? ಸುಮ್ಮನೆ ಹೊಲಿ," ಎಂದೆ.

ಕಳೆದ ತಿಂಗಳು ಕುರುಗೋಡಿನ ಬಳಿ ಟ್ಯಾಂಕರ್ ಮಗುಚಿ, ದನಗಳು ನೀರು ಕುಡಿಯುವ ಹೊಂಡಕ್ಕೆ ಡೀಸೆಲ್ ಸೇರಿತು. ತಾಲ್ಲೂಕು ಅಧಿಕಾರಿ ಚಿದಾನಂದಪ್ಪ ಫೋನ್ ಮಾಡಿದರು. "ನಿಮ್ಮ ದಿಂಬು ಕೆಲಸ ಮಾಡಿದ್ರ ಜಿಲ್ಲೆಗೆಲ್ಲ ನಿಮ್ಮದೇ ಹೆಸರು ಸರ್." ಆ ಹೆಸರಿಗಾಗಿ ಇಪ್ಪತ್ತೆಂಟು ವರ್ಷ ಕಾದಿದ್ದೆ.

ಗಾದೆಮ್ಮ ಕಳಿಸಿದ ಮೂವತ್ತು ದಿಂಬು ನೋಡಿ ಮೈ ಉರಿಯಿತು. ಎಲ್ಲವೂ ಎಂದಿನಂತೆ ಜಿಡ್ಡು. ಮುಸುರೆ ಕೈಯಲ್ಲೇ ಹೊಲಿದಿರಬೇಕು, ಕೊಳಕಿ. ಪೇಪರಿನವರ ಮುಂದೆ ಇದನ್ನು ಹಿಡಿದು ನಿಲ್ಲಲೇ? ಕಂಟೋನ್ಮೆಂಟಿನ ನಮ್ಮ ಮನೆಯ ಹಂಡೆಯಲ್ಲಿ ನೀರು ಕುದಿಸಿ, ಸೋಪಿನ ಪುಡಿ ಸುರಿದು, ನಾನೇ ನಿಂತು ತೊಳೆಸಿದೆ.

ಹೊಂಡದ ದಡದಲ್ಲಿ ಊರೇ ಸೇರಿತ್ತು. ಗಾದೆಮ್ಮನೂ ಒಂದು ಬದಿಗೆ ಕೂತಿದ್ದಳು. ದಿಂಬುಗಳನ್ನು ಎಸೆದೆವು. ಒಂದೊಂದಾಗಿ ಎಲ್ಲವೂ ಮುಳುಗಿದವು. ಡೀಸೆಲ್ ಇದ್ದಲ್ಲೇ ಇತ್ತು.

"ಇವಳ ಹೊಲಿಗೆಯೇ ಸರಿಯಿಲ್ಲ," ಎಂದು ಎಲ್ಲರೆದುರು ಬೈದೆ.

"ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದ್ಲಂತ," ಎಂದು ಗುಂಪಿನಲ್ಲಿ ಯಾರೋ ನಕ್ಕರು. ಗಾದೆಮ್ಮನಿಗೇ ಅಂದರೆಂದು ನಾನೂ ನಕ್ಕೆ.

ಅವಳು ಎದ್ದಳು. ಅಷ್ಟು ಹೊತ್ತು ಅಡಿಯಲ್ಲಿ ಹಾಕಿಕೊಂಡು ಕೂತಿದ್ದ ತನ್ನದೊಂದು ಜಿಡ್ಡು ದಿಂಬನ್ನು ನೀರಿಗೆ ಎಸೆದಳು. ಅದು ತೇಲಿತು. ಸುತ್ತಲಿನ ಡೀಸೆಲ್ ಹೀರುತ್ತ ಹೀರುತ್ತ ಕಪ್ಪಾಯಿತು. ನೀರು ಅಷ್ಟಗಲ ತಿಳಿಯಾಯಿತು.

"ಅವನ್ನೇನ್ ಮಾಡಿದ್ರಿ ಸರ?"

"ಕುದಿಯೋ ನೀರಲ್ಲಿ ತೊಳೆಸಿದೆ. ಅಷ್ಟು ಜಿಡ್ಡಿತ್ತು."

ಅವಳು ಕೋಲಿನಿಂದ ದಿಂಬನ್ನು ಎಳೆದು ನನ್ನ ಕೈಗಿಟ್ಟಳು. ಉಗುರಿನಿಂದ ಕೆರೆದೆ. ಮೇಣ! ದಪ್ಪ ಬಟ್ಟೆ ಹೊಲಿಯುವಾಗ ಅವಳು ದಾರಕ್ಕೆ ತಿಕ್ಕುತ್ತಿದ್ದ ಮೇಣದಬತ್ತಿಯನ್ನೇ ಕರಗಿಸಿ ಬಟ್ಟೆಗೆಲ್ಲ ಕುಡಿಸಿದ್ದಳು. ಆರು ತಿಂಗಳು ತೇಲಿದ್ದು ಅವಳ ಮೇಣ, ನನ್ನ ಇದ್ದಿಲಲ್ಲ.

"ನಾಳಿಗೆ ಇಂಥವು ನೂರು ಆಗ್ತಾವೇನ್ ಸರ್? ಹೆಂಗ ಮಾಡ್ತೀರಿ?" ಚಿದಾನಂದಪ್ಪ ನನ್ನನ್ನೇ ಕೇಳಿದರು.

ಎಷ್ಟು ಮೇಣ, ಎಷ್ಟು ಕಾವು, ಎಷ್ಟು ಹೊತ್ತು, ನನಗೆ ಒಂದೂ ಗೊತ್ತಿರಲಿಲ್ಲ. ಗಾದೆಮ್ಮನ ಕಡೆ ತಿರುಗಿದೆ. "ನೀನೇ ಹೇಳಮ್ಮ."

"ನಂಗೇನ್ ಗೊತ್ತೈತ್ರಿ ಸರ? ಹೆಬ್ಬೆಟ್ಟು ನಾನು. ನೀವ ಹೇಳ್ರಿ, ಸೂತ್ರ ನಿಮ್ದಲ್ಲೇನ್ರಿ?"

ಚಿದಾನಂದಪ್ಪ ನನಗೆಂದು ಹಾಕಿಸಿದ್ದ ಕುರ್ಚಿಯನ್ನು ಎತ್ತಿ ಅವಳ ಮುಂದಿಟ್ಟರು. "ಕುಂದರ್ರಿ ಅಮ್ಮ," ಎಂದರು.